ಸತ್ಯಭಾಮೆಯ ವೇಷ ಯಾರ ಮಗಳಿಗೆ?

ದಸರಾ, ದೀಪಾವಳಿಯ ಸೂಟಿ ಮುಗಿದು ಸಾಲಿಯ ಗಂಟೆ ಮತ್ತೆ ಬಾರಿಸಿತೆಂದರೆ ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಓದಿನ ಜೊತೆಗೆ ಇನ್ನೊಂದು ಗದ್ದಲ ಶುರುವಾಗುತ್ತದೆ. ಅದೇ ಗ್ಯಾದರಿಂಗಿನ ಗದ್ದಲ. ಪತ್ರಿಕೆಯಲ್ಲಿ "ವಾರ್ಷಿಕ ಸ್ನೇಹ ಸಮ್ಮೇಳನ" ಎಂದು ಅಚ್ಚಾದರೂ ಇಳಕಲ್ಲಿನಲ್ಲಿ, ಹುನಗುಂದದಲ್ಲಿ, ಬಾದಾಮಿ, ಬಾಗಲಕೋಟೆಗಳಲ್ಲಿ ಎಲ್ಲರ ಬಾಯಲ್ಲಿ ಅದು ಗ್ಯಾದರಿಂಗೇ. ಇತ್ತೀಚಿನ ವರ್ಷಗಳಲ್ಲಿ ಗ್ಯಾದರಿಂಗ್ ಎಂದರೆ ಸಿನಿಮಾ ಹಾಡು ಹಚ್ಚಿ ಕುಣಿಯುವುದು ಎಂದೇ ಆಗಿಬಿಟ್ಟಿದೆ. ಬಾಡಿಗೆಯ ಮಿನುಗು ಬಟ್ಟೆ, ಕಿವಿ ಗಡಚಿಕ್ಕುವ ಸ್ಪೀಕರು, ಮೂರು ನಿಮಿಷಕ್ಕೆ ಒಂದು ಡ್ಯಾನ್ಸು. ನೋಡಿದ ಮೇಲೆ ಮನೆಗೆ ಬಂದು ಯಾವುದು ಚೆನ್ನಾಗಿತ್ತು ಎಂದು ಕೇಳಿದರೆ ಮಕ್ಕಳಿಗೇ ನೆನಪಿರುವುದಿಲ್ಲ.

ಹೀಗಿರುವಾಗ ನಮ್ಮ ಊರಿನ ಒಂದು ಹೈಸ್ಕೂಲಿನ ಒಂಬತ್ತನೆಯ ಇಯತ್ತೆಯ ಮಕ್ಕಳು ಈ ವರ್ಷ ತಾವೇ ಸೇರಿ ಶ್ರೀಕೃಷ್ಣ ಪಾರಿಜಾತ ಆಡುತ್ತೇವೆಂದು ಹಟ ಹಿಡಿದಿದ್ದಾರೆ. ಅದರಲ್ಲಿ ನನ್ನ ಕಿರಿ ಮಗಳೂ ಒಬ್ಬಳು. ಆದ್ದರಿಂದ ಸೀರೆ, ಕುಪ್ಪಸ, ಉಪ್ಪಿಟ್ಟು, ಬಿಸಿನೀರು ಎಂದು ತಾಯಂದಿರಾದ ನಾವೂ ತಾಲೀಮಿನ ಹೊಸ್ತಿಲವರೆಗೆ ಬಂದಿದ್ದೇವೆ. ಅಲ್ಲಿ ಕಂಡದ್ದು, ಕೇಳಿದ್ದು, ಮನಸ್ಸಿಗೆ ಕುಟುಕಿದ್ದು ಈ ಸಲ ನಿಮ್ಮ ಮುಂದೆ ಇಡುತ್ತೇನೆ, ಸೋದರಿಯರೇ.

ದಕ್ಷಿಣದ ಓದುಗರಿಗೆ ಪಾರಿಜಾತವೆಂದರೆ ಹೂವು. ನಮಗೆ ಅದು ಆಟ. ಇಡೀ ರಾತ್ರಿ ಹಾಡಿನಲ್ಲಿಯೇ ನಡೆಯುವ ಆಟ. ಅಪರಾಳ ತಮ್ಮಣ್ಣ ಎಂಬ ಕವಿ ರಚಿಸಿದ ಇದನ್ನು ಬೆಳಗಾವಿ ಜಿಲ್ಲೆಯ ಕುಲಗೋಡದ ತಮ್ಮಣ್ಣ ಎಂಬವರು ರಂಗಕ್ಕೆ ಒಗ್ಗುವಂತೆ ತಿದ್ದಿ ಬೆಳೆಸಿದರು. ಒಬ್ಬ ತಮ್ಮಣ್ಣ ಹೆತ್ತ ಕೂಸನ್ನು ಇನ್ನೊಬ್ಬ ತಮ್ಮಣ್ಣ ಸಾಕಿದಂತೆ. ಇದು ಸಣ್ಣಾಟದ ಜಾತಿಗೆ ಸೇರಿದ್ದು. ದೊಡ್ಡಾಟದ ಹಾಗೆ ಭಾರಿ ಕಿರೀಟ, ಭುಜಕೀರ್ತಿ, ರಣಕುಣಿತ ಇಲ್ಲಿಲ್ಲ. ಹಾರ್ಮೋನಿಯಂ, ತಬಲಾ, ತಾಳ ಇಷ್ಟಿದ್ದರೆ ಮೇಳ ತುಂಬಿತು. ಪಾತ್ರಧಾರಿ ತಾನೇ ಪದ ಹಾಡಬೇಕು. ಹಿಂದೆ ನಿಂತ ಹಿಮ್ಮೇಳದವರು ಅದನ್ನು ಎತ್ತಿಕೊಂಡು ಹಾಡುತ್ತಾರೆ. ಹಾಡಿನ ನಡುನಡುವೆ ಭಾಗವತ ಬಂದು ಮಾತಿಗೆ ಎಳೆಯುತ್ತಾನೆ. ಪಾತ್ರ ಒಳಗೆ ಬಂದ ಕೂಡಲೇ ನೀನಾರು, ಎಲ್ಲಿಂದ ಬಂದೆ ಎಂದು ಅವನು ಕೇಳಬೇಕು, ಪಾತ್ರ ತನ್ನ ಗುರುತನ್ನು ತಾನೇ ಹೇಳಬೇಕು.

ಕಥೆ ನಮಗೆಲ್ಲ ಗೊತ್ತಿದ್ದದ್ದೇ. ನಾರದ ಸ್ವರ್ಗದಿಂದ ಒಂದು ಪಾರಿಜಾತದ ಹೂ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಆಮೇಲೆ ಬೆಳಗಾಗುವವರೆಗೆ ಭಾಮೆಯ ಸಿಟ್ಟು, ಅಳು, ಅಭಿಮಾನ, ಕೃಷ್ಣನ ಓಲೈಕೆ. ಅಷ್ಟೇ ಕಥೆ. ಯುದ್ಧವಿಲ್ಲ, ರಾಕ್ಷಸನಿಲ್ಲ. ಒಂದು ಹೂವಿನ ಮೇಲೆ ಒಂದು ರಾತ್ರಿ. ಆದರೂ ಊರಿಗೆ ಊರೇ ಕಂಬಳಿ ಹೊದ್ದು ಕೂತು ನೋಡುತ್ತದೆ. ಏಕೆಂದರೆ ಅದು ದ್ವಾರಕೆಯ ಅರಮನೆಯ ಕಥೆಯಾದರೂ ನಮ್ಮ ಪಡಸಾಲೆಯದೇ ಮಾತು.

ಯುರೋಪಿನಲ್ಲಿ ಪೂರ್ತಿ ಹಾಡಿನಿಂದಲೇ ನಡೆಯುವ ನಾಟಕಕ್ಕೆ ಒಪೆರಾ ಎನ್ನುತ್ತಾರೆ. ಸುಮಾರು 1600ರ ಹೊತ್ತಿಗೆ ಇಟಲಿಯಲ್ಲಿ ಹುಟ್ಟಿದ್ದು. ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ ಎಂಬ ಸಂಗೀತಗಾರ 1949ರಲ್ಲಿ ಮಕ್ಕಳಿಗಾಗಿಯೇ ಒಂದನ್ನು ಮಾಡಿದ. ಮೊದಲ ಭಾಗದಲ್ಲಿ ಮಕ್ಕಳೂ ದೊಡ್ಡವರೂ ಕೂಡಿ ಒಪೆರಾ ಕಟ್ಟುವುದನ್ನೇ ತೋರಿಸುತ್ತಾರೆ. ಎರಡನೆಯ ಭಾಗದಲ್ಲಿ ಕಟ್ಟಿದ್ದನ್ನು ಆಡುತ್ತಾರೆ. ಹೊಗೆಗೂಡು ಗುಡಿಸುವ ಬಡ ಹುಡುಗನೊಬ್ಬನನ್ನು ಆ ಮನೆಯ ಮಕ್ಕಳು ಪಾರುಮಾಡುವ ಕಥೆ. ನೋಡಲು ಬಂದವರೂ ಕೆಲವು ಹಾಡಿಗೆ ದನಿಗೂಡಿಸಬೇಕು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮಲ್ಲಿ ನೋಡುವವರು ದನಿಗೂಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ, ಸುಮ್ಮನಿರಿಸುವುದೇ ಕಷ್ಟ!

ಈಗ ಮಕ್ಕಳ ತಾಲೀಮಿಗೆ ಬರೋಣ. ಇಡೀ ರಾತ್ರಿಯ ಆಟವನ್ನು ಗ್ಯಾದರಿಂಗಿನಲ್ಲಿ ಆಡಲು ಸಾಧ್ಯವೇ? ಹೆಡ್‌ಮಾಸ್ತರರು ಕೊಟ್ಟದ್ದು ಒಂದೂಕಾಲು ತಾಸು. ಮಕ್ಕಳು ಕೂತು ಕಡಿದು ಕಡಿದು ಏಳು ತುಂಡು ಮಾಡಿದರು. ಗಣಪತಿಯ ಸ್ತುತಿ, ಗೊಲ್ಲತಿ ಮತ್ತು ಭಾಗವತನ ಹಾಸ್ಯ, ನಾರದ ಹೂ ತರುವುದು, ರುಕ್ಮಿಣಿಗೆ ಕೊಡುವುದು, ದೂತಿ ಭಾಮೆಗೆ ಸುದ್ದಿ ಮುಟ್ಟಿಸುವುದು, ಭಾಮೆಯ ಸಿಟ್ಟು, ಕೊನೆಗೆ ಕೃಷ್ಣ ಬಂದು ಸಮಾಧಾನ ಮಾಡುವುದು. ಪದಗಳು ಹಳೆಯವೇ. ನಡುವಿನ ಮಾತನ್ನು ಮಾತ್ರ ಮಕ್ಕಳೇ ಬರೆದುಕೊಂಡಿದ್ದಾರೆ. ಪದ ಕಲಿಸಲು ಮೇಳದಲ್ಲಿ ಹಾಡಿ ಮುಪ್ಪಾದ ಹಿರಿಯರೊಬ್ಬರು ವಾರಕ್ಕೆರಡು ದಿನ ಬರುತ್ತಾರೆ.

ಮೊದಲ ದಿನವೇ ಶ್ರುತಿಯ ತಂಟೆ. ಹಿರಿಯರು ತಮ್ಮ ರೂಢಿಯಂತೆ ಹಾರ್ಮೋನಿಯಂ ಕರಿ ಒಂದರಲ್ಲಿ ಹಿಡಿದರು. ಹುಡುಗಿಯರ ದನಿ ಕೆಳಗೆ ಸಿಕ್ಕಿ ಗೊಗ್ಗರಾಯಿತು. ಕರಿ ನಾಲ್ಕಕ್ಕೆ ಏರಿಸಿದರೆ ಹುಡುಗಿಯರು ಹಕ್ಕಿಯಂತೆ ಹಾಡಿದರು, ಕೃಷ್ಣನಾಗಿದ್ದ ಹುಡುಗನ ಗಂಟಲು ಒಡೆಯಿತು. ಹದಿನಾಲ್ಕರ ಹುಡುಗ, ದನಿ ಒಡೆಯುವ ವಯಸ್ಸು. ಪಾಪ, ಅವನ ಕಣ್ಣಲ್ಲಿ ನೀರೇ ಬಂತು. ಈ ವಯಸ್ಸಿನಲ್ಲಿ ಜುಲುಮೆಯಿಂದ ಮೇಲಿನ ಸ್ವರ ಎಳೆಯಿಸಬಾರದು ಎಂದು ಸಂಗೀತದ ಅಕ್ಕೋರು ಹೇಳಿದರು. ಮಕ್ಕಳು ತಾವೇ ದಾರಿ ಹುಡುಕಿದರು. ಆ ಹುಡುಗ ಭಾಗವತನಾದ. ಭಾಗವತನಿಗೆ ಮಾತು ಜಾಸ್ತಿ, ಒಡೆದ ದನಿಗೆ ನಗೆಯೂ ಜಾಸ್ತಿ. ಕೃಷ್ಣ ಈಗ ಒಬ್ಬ ಹುಡುಗಿ. ಇದಕ್ಕೆ ಯಾರೋ ಮೂಗು ಮುರಿದರಂತೆ. ಗಂಡಸರಾದ ಬಾಲಗಂಧರ್ವರು ಸೀರೆಯುಟ್ಟು ನಿಂತಾಗ ಇಡೀ ಮುಂಬಯಿ ಪ್ರಾಂತವೇ ಕೈ ಜೋಡಿಸಿತಲ್ಲ, ಹುಡುಗಿ ನವಿಲುಗರಿ ಸಿಕ್ಕಿಸಿಕೊಂಡರೆ ಆಕಾಶ ಬೀಳುತ್ತದೆಯೇ?

ತಾಲೀಮಿನಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಜಗಳ. ರುಕ್ಮಿಣಿಯ ಪಾತ್ರದ ಹುಡುಗಿ ಕೇಳಿದಳು, "ಅಕ್ಕೋರ, ಕೃಷ್ಣಗ ಗೊತ್ತಿರಲಿಲ್ಲೇನ್ರಿ, ಒಬ್ಬಾಕಿಗೆ ಕೊಟ್ರ ಇನ್ನೊಬ್ಬಾಕಿ ಸಿಟ್ಟಾಗ್ತಾಳಂತ? ಎರಡು ಹೂ ತರಸಬೇಕಿತ್ತು." ಇನ್ನೊಬ್ಬಳು, "ಹೂ ಎರಡಿದ್ರ ಆಟ ಎಲ್ಲಿಂದ ಬರತೈತಿ?" ಅಂದಳು. ಮೂಲೆಯಲ್ಲಿ ತಾಳ ಹಿಡಿದು ಕೂತಿದ್ದವಳು ಮೆಲ್ಲಗೆ, "ಭಾಮಾಗ ಹೂವಿಂದಲ್ಲ ಸಿಟ್ಟು, ಆಕಿನ್ನ ಕೇಳಲಿಲ್ಲಲ್ಲ, ಅದರದು" ಎಂದಳು. ಎಲ್ಲರೂ ಸುಮ್ಮನಾದರು. ಹಾಡು ಬಾಯಿಪಾಠ ಮಾಡಿಸುವುದು ಸುಲಭ, ಹೀಗೊಂದು ಮಾತು ಮಗುವಿನ ಬಾಯಿಂದ ಬರಬೇಕಾದರೆ ಅದು ಪಾತ್ರದೊಳಗೆ ಕಾಲಿಡಬೇಕು.

ಆ ತಾಳ ಹಿಡಿದಿದ್ದ ಹುಡುಗಿಯ ವಿಷಯವೇ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು.

ಅವಳ ದನಿಯನ್ನು ಕೇಳಿದ ಹಿರಿಯರು, "ಇದು ಭಾಮೆಯ ಕಂಠ" ಎಂದುಬಿಟ್ಟಿದ್ದರು. ಎತ್ತರಕ್ಕೆ ಹೋದರೂ ಚೀರುವುದಿಲ್ಲ, ಕೆಳಗಿಳಿದರೂ ಕರಗುವುದಿಲ್ಲ. ಅವಳೇ ಸತ್ಯಭಾಮೆ ಎಂದು ತೀರ್ಮಾನವಾಯಿತು. ಮರುದಿನ ಅವಳು ತಾಲೀಮಿಗೆ ಬರಲಿಲ್ಲ. ಮನೆಯಲ್ಲಿ ಬೇಡವೆಂದರಂತೆ. ನಾವು ಇಬ್ಬರು ತಾಯಂದಿರು ಹೋದೆವು. ಮನೆಯ ಮುಂಭಾಗದಲ್ಲಿ ಕುಣಿಮಗ್ಗ. ಅಪ್ಪ ನೇಯುತ್ತಲೇ ಇದ್ದರು. ತಾಯಿ ಚಹಾ ಕೊಟ್ಟು ಹೇಳಿದಳು, "ಅಕ್ಕಾರ, ಹುಡುಗಿ ಹಾಡಿದ್ರ ನಮಗೇನು ಬ್ಯಾಸರಿಲ್ಲರಿ. ಬಣ್ಣ ಹಚ್ಚಿ ನಾಕ ಮಂದಿ ಮುಂದ ನಿಂತ್ರ, ನಾಳೆ ಬೀಗರು ಬಂದಾಗ ಏನು ಹೇಳೂಣು? ಆಟದಾಕಿ ಅಂತಾರ."

ಆಟದಾಕಿ! ಈ ಒಂದು ಮಾತಿನ ಭಾರ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೇ ಗೊತ್ತು. ಹಾಡುವ, ಕುಣಿಯುವ ವಿದ್ಯೆಯನ್ನು ದೇವರ ಹೆಸರಿನಲ್ಲಿ ಕೆಲವು ಮನೆಗಳ ಹೆಣ್ಣುಗಳ ಕೊರಳಿಗೆ ಕಟ್ಟಿ, ಆಮೇಲೆ ಅವರನ್ನೇ ಕೀಳಾಗಿ ಕಂಡ ನಾಡು ಇದು. ದೇವದಾಸಿ ಬಿಡುವುದನ್ನು ತಡೆಯುವ ಕಾಯಿದೆ ನಮ್ಮ ರಾಜ್ಯದಲ್ಲಿ 1982ರಲ್ಲಿ ಬಂತು. ಕಾಯಿದೆ ಬಂದರೂ ಮಾತು ಹೋಗಲಿಲ್ಲ. ಅದಕ್ಕೇ ಒಳ್ಳೆಯ ಮನೆಯ ತಾಯಿ ಇಂದಿಗೂ ಹೆದರುತ್ತಾಳೆ. ಅವಳನ್ನು ನಾನು ದೂರುವುದಿಲ್ಲ. ಆದರೆ ಆ ಹೆದರಿಕೆಗೆ ಎದುರಾಗಿ ಇಡಲು ನಮ್ಮಲ್ಲಿ ಹೆಸರುಗಳೇ ಇಲ್ಲವೆ?

ಪಾರಿಜಾತದ ಮಾತು ಬಂದಲ್ಲೆಲ್ಲ ಕೌಜಲಗಿ ನಿಂಗಮ್ಮನ ಹೆಸರು ಬರುತ್ತದೆ. ಗೋಕಾಕ ಸೀಮೆಯ ಈ ಹೆಣ್ಣುಮಗಳು ಪಾರಿಜಾತವನ್ನು ಮನೆಮನೆಯ ಮಾತಾಗಿಸಿದವಳು. ನಮ್ಮ ಜಿಲ್ಲೆಯ ಬೀಳಗಿಯನ್ನೇ ನೋಡಿ. ಅಮೀರ್‌ಬಾಯಿ ಕರ್ನಾಟಕಿ, ಗೋಹರ್‌ಬಾಯಿ ಕರ್ನಾಟಕಿ ಎಂಬ ಅಕ್ಕತಂಗಿಯರು ಅಲ್ಲಿಂದ ಹೊರಟು ಮುಂಬಯಿಯವರೆಗೆ ಹೋದರು. ಗೋಹರ್‌ಬಾಯಿ ಬಾಲಗಂಧರ್ವರ ಜೊತೆ ಸಂಗೀತ ನಾಟಕಗಳಲ್ಲಿ ಪಾತ್ರ ಮಾಡಿದರು. ಅಮೀರ್‌ಬಾಯಿ 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೇ ಪರಿಚಯವಾದರು. 1965ರಲ್ಲಿ ತೀರಿಕೊಂಡ ಆಕೆಯ ಮೇಲೆ ರಹಮತ್ ತರೀಕೆರೆಯವರು ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಊರ ಹೆಸರು ಬಿಟ್ಟು ನಾಡಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡು ಮೆರೆದವರು ಇವರು. ಬೀಳಗಿ ಇಲ್ಲಿಂದ ಎಷ್ಟು ದೂರ? ಆದರೂ ನಮ್ಮ ಶಾಲೆಯ ಮಕ್ಕಳಲ್ಲಿ ಒಬ್ಬರಿಗೂ ಈ ಹೆಸರು ಗೊತ್ತಿರಲಿಲ್ಲ.

ನಾಟಕವೆಂದರೆ ನಮ್ಮವರಿಗೆ ಪರಕೀಯವೂ ಅಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಸೇರಿತೆಂದರೆ ನಾಟಕ ಕಂಪನಿಗಳ ಥೇಟರುಗಳು ಸಾಲಾಗಿ ಏಳುತ್ತವೆ. ಪಲ್ಲೇದ ಹಬ್ಬಕ್ಕೆ ನೂರೆಂಟು ಬಗೆಯ ಕಾಯಿಪಲ್ಲೆ ಅಮ್ಮನಿಗೆ ಅರ್ಪಿಸಿ, ತೇರು ಎಳೆದು, ರೊಟ್ಟಿಬುತ್ತಿ ಬಿಚ್ಚಿ ಉಂಡು, ರಾತ್ರಿ ನಾಟಕ ನೋಡದೆ ಮನೆಗೆ ಮರಳಿದವರು ಯಾರಿದ್ದಾರೆ? 'ಸಂಪತ್ತಿಗೆ ಸವಾಲ್' ನಾಟಕ ಬರೆದ ಪಿ.ಬಿ. ಧುತ್ತರಗಿಯವರು ನಮ್ಮ ಹುನಗುಂದ ತಾಲ್ಲೂಕಿನ ಸೂಳೇಭಾವಿಯವರೇ. 1974ರಲ್ಲಿ ರಾಜಕುಮಾರ್ ಅವರ ಸಿನಿಮಾ ಆದದ್ದು ಇದೇ ನಾಟಕ. ಅವರ ಪತ್ನಿ ಸರೋಜಮ್ಮನವರೂ ರಂಗಭೂಮಿಯ ನಟಿ. ಟಿಕೆಟ್ ತೆಗೆದು ಚಪ್ಪಾಳೆ ತಟ್ಟುವವರು ನಾವೇ, "ನಮ್ಮ ಮಗಳು ಮಾತ್ರ ಬ್ಯಾಡ" ಎನ್ನುವವರೂ ನಾವೇ.

ಆ ಮನೆಯಲ್ಲಿ ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವಳು ಹುಡುಗಿಯ ಅಜ್ಜಿ. ಗೋಡೆಗೆ ಒರಗಿ ನೂಲು ಸುತ್ತುತ್ತಿದ್ದವಳು ಮಗನಿಗೆ ಕೇಳುವಂತೆ ಅಂದಳು, "ನಾ ಚಕ್ಕಡಿ ಕಟಗೊಂಡು ಪಾರಿಜಾತ ನೋಡಾಕ ಹೋದಾಕಿ. ಭಾಮಾ ಅಳಾಕ ಹತ್ತಿದ್ರ ನಾವೆಲ್ಲ ಸೆರಗು ಕಣ್ಣಿಗೆ ಒತಗೊಂಡು ಕುಂತಿದ್ವಿ. ನೋಡಾಕ ಅಡ್ಡಿಲ್ಲ, ಆಡಾಕ ಅಡ್ಡಿ ಆತೇನು?" ಮಗ್ಗದ ಸದ್ದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅಪ್ಪ ಒಂದೇ ಮಾತು ಹೇಳಿದರು, "ಹಿಮ್ಮೇಳದಾಗ ಹಾಡ್ಲಿ. ಬಣ್ಣ ಬ್ಯಾಡ."

ಅಷ್ಟಕ್ಕೆ ಒಪ್ಪಿಸಿಕೊಂಡು ಬಂದೆವು. ಮಕ್ಕಳು ಮತ್ತೊಂದು ಉಪಾಯ ತೆಗೆದರು. ಭಾಮೆಯ ವೇಷ ಇನ್ನೊಬ್ಬಳದು, ಪದ ಇವಳದು, ಸಿನಿಮಾದ ಹಿನ್ನೆಲೆ ಗಾಯನದ ಹಾಗೆ. ತಾಲೀಮು ಈಗ ಹಾಗೆ ನಡೆದಿದೆ. ಕೇಳಲು ಚೆನ್ನಾಗಿಯೇ ಇದೆ. ಆದರೆ ಪದ ಕಲಿಸುವ ಹಿರಿಯರು ತಲೆ ಅಲ್ಲಾಡಿಸುತ್ತಾರೆ. ಪಾರಿಜಾತದಲ್ಲಿ ಕಂಠ ಒಬ್ಬರದು, ಕಣ್ಣು ಒಬ್ಬರದು ಆಗಬಾರದು ಎನ್ನುತ್ತಾರೆ. ಸಿಟ್ಟಿನ ಪದ ಹಾಡುವಾಗ ತಾಳ ಹಿಡಿದ ಈ ಹುಡುಗಿಯ ಮುಖ ನೋಡಬೇಕು. ಹುಬ್ಬು, ಕೊರಳು, ಕೈ ಎಲ್ಲ ಭಾಮೆಯೇ. ನೋಡುವವರ ದೃಷ್ಟಿ ಮುಂದೆ ನಿಂತ ವೇಷದ ಮೇಲಿರುತ್ತದೆ, ಇವಳನ್ನು ನೋಡುವವರಿಲ್ಲ. ಗ್ಯಾದರಿಂಗಿಗೆ ಇನ್ನೂ ದಿನಗಳಿವೆ. ಅಪ್ಪನನ್ನು ಒಂದು ದಿನ ತಾಲೀಮಿಗೆ ಕರೆತರಬೇಕೆಂದು ಅಜ್ಜಿಗೆ ಹೇಳಿಕಳಿಸಿದ್ದೇವೆ. ಬರುತ್ತಾರೋ ಇಲ್ಲವೋ.

ಇದು ಬರೇ ಒಂದು ನಾಟಕದ ವೇಷದ ಮಾತಲ್ಲ, ಸೋದರಿಯರೇ. ಹದಿನಾಲ್ಕು ವರ್ಷದ ಹುಡುಗಿಯ ಮನೆಯಲ್ಲಿ "ಬೀಗರು ಏನಂದಾರು" ಎಂಬ ಮಾತು ಯಾಕೆ ಬರಬೇಕು? ಹದಿನೆಂಟು ತುಂಬುವ ಮೊದಲು ಹೆಣ್ಣಿನ ಲಗ್ನ ಮಾಡುವುದು ಕಾಯಿದೆಯ ಪ್ರಕಾರ ಅಪರಾಧ. ಇನ್ನೂ ಬಾರದ ಬೀಗರಿಗಾಗಿ ಇಂದಿನ ಹಾಡನ್ನು ಅಡಗಿಸುವುದು ಯಾವ ನ್ಯಾಯ? ಹತ್ತು ಜನರ ಮುಂದೆ ನಿಂತು ನಾನಾರು ಎಂದು ಹೇಳಲು ಕಲಿತ ಹುಡುಗಿ ನಾಳೆ ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಪಂಚಾಯತಿಯಲ್ಲಿ ತಲೆ ತಗ್ಗಿಸಿ ನಿಲ್ಲುವುದಿಲ್ಲ. ಭಾಗವತನ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ಜೀವನದಲ್ಲಿ ಬಹಳ ಕಡೆ ಉಪಯೋಗಕ್ಕೆ ಬರುತ್ತದೆ.

ಹಾಗೆಂದು ತಾಯಂದಿರ ಕಾಳಜಿಯನ್ನು ತಳ್ಳಿಹಾಕಲಾಗದು. ನಾವು ಮಾಡಿಕೊಂಡಿರುವ ಕೆಲವು ಏರ್ಪಾಡು ಹೇಳುತ್ತೇನೆ, ನಿಮ್ಮ ಊರಿಗೂ ಆದೀತು.

ತಾಲೀಮು ಸಂಜೆ ಆರಕ್ಕೆ ಮುಗಿಯಲೇಬೇಕು. ಹಳ್ಳಿಯಿಂದ ಬರುವ ಮಕ್ಕಳ ಬಸ್ಸಿನ ವೇಳೆ ನೋಡಿಕೊಂಡೇ ವೇಳೆ ಗೊತ್ತುಮಾಡಬೇಕು. ದಿನಕ್ಕೊಬ್ಬ ತಾಯಿ ಸರದಿಯಂತೆ ಅಲ್ಲಿ ಕೂಡಬೇಕು. ಕಾವಲಿಗೆಂದು ಹೋದವರು ಹಾಡು ಕಲಿತು ಬರುತ್ತಾರೆ, ಅದು ಲಾಭ. ಹತ್ತನೆಯ ಇಯತ್ತೆಯ ಮಕ್ಕಳಿಗೆ ಪರೀಕ್ಷೆ ತಲೆಯ ಮೇಲಿರುವುದರಿಂದ ಅವರಿಗೆ ಸಣ್ಣ ಕೆಲಸ ಸಾಕು. ಮುಟ್ಟಿನ ದಿನಗಳಲ್ಲಿ ಹೊಟ್ಟೆನೋವಿದ್ದರೆ ಹುಡುಗಿ ಕೂತು ಹಾಡಲಿ. ನಾಚಿಕೆಯಿಂದ ಮನೆಯಲ್ಲೇ ಉಳಿಯಬೇಕಾಗಿಲ್ಲ.

ಖರ್ಚಿಗೆ ಹೆದರಬೇಡಿ. ಬಾಡಿಗೆಯ ವೇಷ ನಾವು ತರಿಸುತ್ತಿಲ್ಲ. ಭಾಮೆಗೆ, ರುಕ್ಮಿಣಿಗೆ ಇಳಕಲ್ ಸೀರೆಗಿಂತ ಶೋಭೆ ಯಾವುದು? ಕೆಂಪು ಸೆರಗಿನಲ್ಲಿ ಬಿಳಿ ತೆನಿಯ ಸಾಲು ದೀಪದ ಬೆಳಕಿಗೆ ಎದ್ದು ಕಾಣುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸ ಎಲ್ಲರ ಮನೆಯ ಟ್ರಂಕಿನಲ್ಲಿದೆ. ಒಂಬತ್ತು ಗಜದ ಅಜ್ಜಿಯ ಸೀರೆಯಲ್ಲಿ ಸಣ್ಣ ಹುಡುಗಿ ಮುಳುಗಿಹೋಗುತ್ತಾಳೆ, ಸೊಂಟದಲ್ಲಿ ಮಡಿಕೆ ಹಾಕಿ ನಾಲ್ಕು ಹೊಲಿಗೆ ಹಾಕಿದರೆ ಜಾರುವುದಿಲ್ಲ. ಆಟ ಮುಗಿದ ಮೇಲೆ ಹೊಲಿಗೆ ಬಿಚ್ಚಿ ಸೀರೆ ಮರಳಿಸಿ. ಗೊಲ್ಲತಿಗೆ ಮನೆಯ ಸಿಂಬಿ, ಗಡಿಗೆ. ಪಾರಿಜಾತದ ಹೂವಿಗೆ ಬಿಳಿ ಕಾಗದದ ಎಸಳು, ಕೇಸರಿ ದಾರದ ತೊಟ್ಟು. ನಿಜವಾದ ಹೂ ರಾತ್ರಿ ಅರಳಿ ಬೆಳಗಿಗೆ ಉದುರುವಂಥದು, ರಂಗದ ಮೇಲೆ ನಿಲ್ಲುವುದಿಲ್ಲ.

ಗಂಟಲಿಗೆ ಉಗುರುಬೆಚ್ಚಗಿನ ನೀರು ಬೇಕು. ತಣ್ಣೀರು, ಐಸ್ಕ್ರೀಮು ತಾಲೀಮು ಮುಗಿಯುವವರೆಗೆ ದೂರ. ಜೇಷ್ಠಮಧುವಿನ ಸಣ್ಣ ತುಂಡು ಬಾಯಲ್ಲಿಟ್ಟರೆ ಹಿತ. ದನಿ ಕೂತರೆ ಎರಡು ದಿನ ಮೌನವೇ ಔಷಧ. ಅದಕ್ಕೂ ಸರಿಯಾಗದೆ ವಾರ ಕಳೆದರೆ ಡಾಕ್ಟರರಿಗೆ ತೋರಿಸಬೇಕು.

ಹಾಡಿದ ಮಕ್ಕಳಿಗೆ ಹಸಿವು ಬಹಳ. ಮೂವತ್ತು ಮಕ್ಕಳಿಗೆ ನಾವು ಮಾಡುವ ಸುಸಲಾದ ಅಳತೆ ಹೀಗಿದೆ. ಚುರಮುರಿ ಒಂದೂವರೆ ಕಿಲೋ, ಉಳ್ಳಾಗಡ್ಡಿ ಒಂದು ಕಿಲೋ, ಪುಠಾಣಿ ಹಿಟ್ಟು ಕಾಲು ಕಿಲೋ, ಎಣ್ಣೆ ಕಾಲು ಲೀಟರ್, ಹಸಿಮೆಣಸಿನಕಾಯಿ ಹದಿನೈದು, ಲಿಂಬೆಹಣ್ಣು ಎಂಟು, ಸಾಸಿವೆ, ಜೀರಿಗೆ, ಕರಿಬೇವು, ಅರಿಷಿಣ, ಕೊತ್ತಂಬರಿ, ರುಚಿಗೆ ಉಪ್ಪು. ಚುರಮುರಿಯನ್ನು ನೀರಿನಲ್ಲಿ ಅದ್ದಿದ ಕೂಡಲೇ ಹಿಂಡಿ ತೆಗೆಯಬೇಕು, ನೆನೆಯಲು ಬಿಟ್ಟರೆ ಮುದ್ದೆಯಾಗುತ್ತದೆ. ಒಗ್ಗರಣೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಬಾಡಿಸಿ, ಅರಿಷಿಣ, ಉಪ್ಪು ಹಾಕಿ, ಹಿಂಡಿದ ಚುರಮುರಿ ಬೆರೆಸಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿ ಎರಡು ನಿಮಿಷ ಕೈಯಾಡಿಸಿ. ಒಲೆಯಿಂದ ಇಳಿಸಿದ ಮೇಲೆ ಲಿಂಬೆರಸ ಹಿಂಡಿ. ಖಾರ ಕಡಿಮೆಯಿರಲಿ, ಹಾಡುವ ಗಂಟಲು. ಆಟದ ದಿನಕ್ಕೆ ಅಮೀನಗಡದ ಕರದಂಟು ತರಿಸುವುದಾಗಿ ಅಡತಿ ಅಂಗಡಿಯವರೊಬ್ಬರು ಒಪ್ಪಿಕೊಂಡಿದ್ದಾರೆ.

ನಿಮ್ಮ ಊರಿನಲ್ಲಿ ಪಾರಿಜಾತ ಹಾಡುವವರು ಇಲ್ಲದಿದ್ದರೆ ಬೇರೆ ದಾರಿಯೂ ಉಂಟು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಎಷ್ಟೋ ಶಾಲೆಗಳ ಮಕ್ಕಳು ಹಾಡಿನಲ್ಲಿ ಆಡಿದ್ದಾರೆ. ದೊಡ್ಡ ಮಕ್ಕಳಿಗೆ ಪು.ತಿ.ನ. ಅವರ ಗೇಯನಾಟಕ 'ಗೋಕುಲ ನಿರ್ಗಮನ' ಇದೆ. ಯಾವುದಾದರೂ ಆಗಲಿ, ಮಕ್ಕಳು ತಮ್ಮ ದನಿಯಲ್ಲಿ ತಾವೇ ಹಾಡುವಂತಿರಲಿ. ಸ್ಪೀಕರಿನ ದನಿಗೆ ತುಟಿ ಅಲ್ಲಾಡಿಸಿದರೆ ಮಕ್ಕಳ ಕೈಗೆ ಏನೂ ಉಳಿಯುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮಗಳನ್ನು ಪಾತ್ರಕ್ಕೆ ಆರಿಸಿದರೆ "ಬೇಡ" ಎನ್ನುವ ಮೊದಲು ಒಂದು ದಿನ ತಾಲೀಮಿಗೆ ಹೋಗಿ ಹಿಂದಿನ ಬೆಂಚಿನ ಮೇಲೆ ಕೂತು ಬನ್ನಿ. ಮನೆಯ ಗಂಡಸರನ್ನೂ ಕರೆದುಕೊಂಡು ಹೋಗಿ. ಆಮೇಲೆ ಬೇಡವೆನ್ನುವ ಮನಸ್ಸಾದರೆ ಅನ್ನಿ. ಹೆಚ್ಚಿನವರಿಗೆ ಆಗಲಾರದು ಎಂದು ನನ್ನ ನಂಬಿಕೆ. ನಿಮ್ಮ ಊರಿನ ಗ್ಯಾದರಿಂಗಿನಲ್ಲಿ ಮಕ್ಕಳು ಹಾಡಿ ಆಡಿದ್ದುಂಟೇ? ಮುಂದಿನ ಸಂಚಿಕೆಯೊಳಗೆ ಬರೆದು ತಿಳಿಸಿ. ಭಾಮೆಯ ವೇಷ ಕೊನೆಗೆ ಯಾರಿಗಾಯಿತು ಎಂಬುದನ್ನು ಆಗ ನಾನೂ ತಿಳಿಸುತ್ತೇನೆ.